ಬಾವಿ ಒಬ್ಬರದು, ರಿಗ್ ಇನ್ನೊಬ್ಬರದು, ಅಪಾಯ ಯಾರದು?

2025ರಲ್ಲಿ ಭಾರತದ ತೈಲ ಕೊರೆತಕ್ಕೆ ಸಂಬಂಧಿಸಿದ ಎರಡು ಕಾನೂನುಗಳು ಬದಲಾದವು. 1948ರ ತೈಲಕ್ಷೇತ್ರ ಕಾಯ್ದೆಯ ತಿದ್ದುಪಡಿಗೆ ಮಾರ್ಚ್‌ನಲ್ಲಿ ಲೋಕಸಭೆಯ ಒಪ್ಪಿಗೆ ಸಿಕ್ಕಿತು. ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1952ರ ಗಣಿ ಕಾಯ್ದೆಯೂ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೂ ಅವುಗಳೊಳಗೆ ಕರಗಿಹೋದವು. ಈ ಎರಡರ ನಡುವೆ, ಜೂನ್ 12ರಂದು, ಅಸ್ಸಾಮಿನ ಶಿವಸಾಗರ ಜಿಲ್ಲೆಯ ರುದ್ರಸಾಗರ ಕ್ಷೇತ್ರದಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಹಳೆಯ ಬಾವಿಯೊಂದು ಕೈತಪ್ಪಿ ಅನಿಲವನ್ನು ಕಾರತೊಡಗಿತು. ಅದರ ಬಾಯಿ ಮುಚ್ಚಲು ಎರಡು ವಾರಗಳು ಹಿಡಿದವು. ಬಾವಿ ಒಎನ್‌ಜಿಸಿಯದು. ಅಲ್ಲಿ ಕೆಲಸ ನಡೆಸುತ್ತಿದ್ದುದು ಗುತ್ತಿಗೆ ಪಡೆದ ಖಾಸಗಿ ಕಂಪನಿ.

ಸುದ್ದಿಯ ಕೊನೆಯಲ್ಲಿ ಒಂದು ವಿವರವಾಗಿ ಬಂದು ಹೋದ ಈ ಸಾಲೇ ನನಗೆ ಇಡೀ ವಿಷಯದ ತಿರುಳಾಗಿ ಕಾಣುತ್ತದೆ. ನೆಲದಡಿಯ ತೈಲಕ್ಕೆ ಹಕ್ಕುದಾರ ಒಬ್ಬ, ಕೊರೆಯುವ ಯಂತ್ರದ, ಅಂದರೆ ರಿಗ್‌ನ, ಒಡೆಯ ಇನ್ನೊಬ್ಬ, ಆ ಯಂತ್ರದ ಮೇಲೆ ಹನ್ನೆರಡು ಗಂಟೆ ನಿಲ್ಲುವವನಿಗೆ ಸಂಬಳ ಕೊಡುವವನು ಮತ್ತೊಬ್ಬ. ಏನಾದರೂ ಆದಾಗ ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಹೋಗುತ್ತದೆ, ಉತ್ತರ ಎಲ್ಲಿಯೂ ನಿಲ್ಲುವುದಿಲ್ಲ. ಇದು ಉದಾರೀಕರಣದ ನಂತರ ಬಂದ ರೋಗ ಎಂದು ನಂಬುವವರಿದ್ದಾರೆ. ಅಲ್ಲ, ಕೊರೆತದ ಚರಿತ್ರೆಯಲ್ಲಿ ಬಹಳ ಹಿಂದೆಯೇ ಇದರ ಬೇರು ಇದೆ. ನಡುವೆ ಕೆಲವು ದಶಕ ಒಡೆಯನಿಗೂ ಕೆಲಸದವನಿಗೂ ಇರುವ ಈ ಅಂತರ ಕಿರಿದಾಗಿತ್ತು, ಈಗ ಮತ್ತೆ ಅಗಲವಾಗುತ್ತಿದೆ.

ಆಧುನಿಕ ತೈಲ ಉದ್ಯಮದ ಆರಂಭವೆಂದು ಪಠ್ಯಪುಸ್ತಕಗಳು ಹೇಳುವ ದಿನ 1859ರ ಆಗಸ್ಟ್ 27. ಸ್ಥಳ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್, ಹೆಸರು ಎಡ್ವಿನ್ ಡ್ರೇಕ್. ಡ್ರೇಕ್ ಮೊದಲು ರೈಲಿನಲ್ಲಿ ಕಂಡಕ್ಟರ್ ಆಗಿದ್ದವನು. ಸೆನೆಕಾ ಆಯಿಲ್ ಕಂಪನಿ ಅವನನ್ನು ಅಲ್ಲಿಗೆ ಕಳುಹಿಸಿತ್ತು. ಬಾವಿ ಕೊರೆಯುವ ವಿದ್ಯೆ ಅವನಿಗೆ ತಿಳಿದಿರಲಿಲ್ಲ. ಅದು ತಿಳಿದಿದ್ದುದು ವಿಲಿಯಂ ಸ್ಮಿತ್ ಎಂಬ ಕಮ್ಮಾರನಿಗೆ. ಟ್ಯಾರೆಂಟಂ ಎಂಬ ಊರಿನ ಕಡೆ ಉಪ್ಪುನೀರಿನ ಬಾವಿಗಳನ್ನು ಕೊರೆದು, ಅದಕ್ಕೆ ಬೇಕಾದ ಹತ್ಯಾರುಗಳನ್ನು ತಾನೇ ಕುಲುಮೆಯಲ್ಲಿ ಬಡಿದು ಮಾಡುತ್ತಿದ್ದವನು. ಎಲ್ಲರೂ ಅವನನ್ನು ಅಂಕಲ್ ಬಿಲ್ಲಿ ಎನ್ನುತ್ತಿದ್ದರು. ಶನಿವಾರ ಕೆಲಸ ನಿಲ್ಲಿಸಿದಾಗ ಬಾವಿಯ ಆಳ ಅರವತ್ತೊಂಬತ್ತೂವರೆ ಅಡಿ. ಮರುದಿನ ಭಾನುವಾರ ರಜೆಯಿದ್ದರೂ ನೋಡಿಬರೋಣವೆಂದು ಹೋದ ಸ್ಮಿತ್, ಕೊಳವೆಯೊಳಗೆ ಇಣುಕಿ, ನೀರಿನ ಮೇಲೆ ತೈಲ ತೇಲುತ್ತಿರುವುದನ್ನು ಕಂಡ. ಬಾವಿಗೆ ಡ್ರೇಕ್‌ನ ಹೆಸರು ಉಳಿಯಿತು.

ಡ್ರೇಕ್‌ಗೆ ಸಲ್ಲಬೇಕಾದ ಗೌರವ ಬೇರೆ ಇದೆ. ಮೇಲಿನ ಸಡಿಲ ಮಣ್ಣು ಮತ್ತೆ ಮತ್ತೆ ಕುಸಿದು ಬಾವಿ ಮುಚ್ಚಿಹೋಗುತ್ತಿದ್ದಾಗ, ಎರಕದ ಕಬ್ಬಿಣದ ಕೊಳವೆಯನ್ನು ಮೂವತ್ತೆರಡು ಅಡಿ ಕೆಳಗಿನ ಬಂಡೆಯವರೆಗೆ ಬಡಿದಿಳಿಸಿ, ಅದರೊಳಗೆ ಕೊರೆಯುವ ಉಪಾಯ ಮಾಡಿದವನು ಅವನು. ಕೋಲಾರದ, ಚಿತ್ರದುರ್ಗದ ರೈತ ಬೋರ್‌ವೆಲ್ ಹಾಕಿಸುವಾಗ ಇಷ್ಟು ಅಡಿಗೆ ಇಷ್ಟು ಎಂದು ದುಡ್ಡು ಎಣಿಸಿ ಕೊಡುವ ಕೇಸಿಂಗ್ ಪೈಪಿನ ಕೆಲಸವೂ ಅದೇ. ಡ್ರೇಕ್ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. ದುಡ್ಡು ಕಳೆದುಕೊಂಡು, ಕೊನೆಗೆ 1873ರಲ್ಲಿ ಪೆನ್ಸಿಲ್ವೇನಿಯಾ ಸರ್ಕಾರ ಕೊಟ್ಟ ವರ್ಷಕ್ಕೆ 1,500 ಡಾಲರ್ ಪಿಂಚಣಿಯಲ್ಲಿ ಬದುಕಿ 1880ರಲ್ಲಿ ತೀರಿಕೊಂಡ.

ಆ ಕಾಲದ ಕೊರೆತದಲ್ಲಿ ತಿರುಗುವ ಯಂತ್ರವಿರಲಿಲ್ಲ, ಕುಟ್ಟುವುದೇ ವಿಧಾನ. ಮರದ ಗೋಪುರ, ಅದರ ಪಕ್ಕದಲ್ಲಿ ಉಗಿಯಂತ್ರ, ಏತದಂತೆ ಮೇಲೆ ಕೆಳಗೆ ಆಡುವ ದೊಡ್ಡ ತೊಲೆ, ತೊಲೆಗೆ ಕಟ್ಟಿದ ಹಗ್ಗದ ತುದಿಯಲ್ಲಿ ಭಾರವಾದ ಉಕ್ಕಿನ ಉಳಿ. ಉಳಿ ಬಿದ್ದು ಬಂಡೆಯನ್ನು ಪುಡಿ ಮಾಡುತ್ತದೆ. ಆಗಾಗ ಅದನ್ನು ಮೇಲಕ್ಕೆಳೆದು, ತಳದಲ್ಲಿ ಕವಾಟವಿರುವ ಉದ್ದನೆಯ ಕೊಳವೆಯಿಳಿಸಿ ಕೆಸರನ್ನು ತೋಡಿ ಹಾಕಬೇಕು. ಒಂದು ಪಾಳಿಗೆ ಇಬ್ಬರೇ. ಒಬ್ಬ ಕೊರೆಯುವವನು. ಇನ್ನೊಬ್ಬ ಬಾಯ್ಲರ್ ನೋಡಿಕೊಂಡು, ಮೊಂಡಾದ ಉಳಿಯನ್ನು ಕುಲುಮೆಯಲ್ಲಿ ಕಾಯಿಸಿ, ಸುತ್ತಿಗೆಯಿಂದ ಬಡಿದು ಮತ್ತೆ ಅಳತೆಗೆ ತರುವವನು. ಪಾಳಿ ಹನ್ನೆರಡು ಗಂಟೆಯದು. ಕೊರೆಯುವವನ ಕೈ ಸದಾ ಹಗ್ಗದ ಮೇಲಿರುತ್ತಿತ್ತು. ನೂರಾರು ಅಡಿ ಕೆಳಗೆ ಉಳಿ ಗಟ್ಟಿ ಬಂಡೆಗೆ ತಾಗುತ್ತಿದೆಯೋ, ಮರಳಿಗೆ ಇಳಿಯಿತೋ, ಎಲ್ಲಿಯಾದರೂ ಸಿಕ್ಕಿಕೊಂಡಿತೋ ಎಂಬುದನ್ನು ಆ ನಡುಕದಿಂದಲೇ ತಿಳಿಯಬೇಕು. ಅವನಿಗಿದ್ದ ಅಳತೆಯ ಉಪಕರಣ ಅಂಗೈ ಒಂದೇ.

ಈ ವಿಧಾನದ ದೊಡ್ಡ ದೋಷವೆಂದರೆ, ಕೆಳಗಿನಿಂದ ಅನಿಲ ಒತ್ತಿ ಬಂದರೆ ತಡೆಯಲು ಬಾವಿಯಲ್ಲಿ ಏನೂ ಇರುವುದಿಲ್ಲ. ಅನಿಲ ಚಿಮ್ಮಿದ ಕೂಡಲೇ ಹತ್ತಿರದಲ್ಲಿಯೇ ಬಾಯ್ಲರ್‌ನ ಬೆಂಕಿ. 1861ರ ಏಪ್ರಿಲ್ 17ರಂದು, ಟೈಟಸ್‌ವಿಲ್‌ನಿಂದ ಅನತಿ ದೂರದಲ್ಲಿ, ಹೆನ್ರಿ ರೌಸ್ ಎಂಬವನ ಬಾವಿಯಲ್ಲಿ ಹೀಗೆಯೇ ಆಯಿತು. ಹತ್ತೊಂಬತ್ತು ಜನ ಸತ್ತರು. ಸತ್ತವರಲ್ಲಿ ರೌಸ್ ಕೂಡ ಒಬ್ಬ. ಮೈಯೆಲ್ಲ ಸುಟ್ಟಿದ್ದರೂ ಆತ ಉಯಿಲು ಬರೆಸಿ, ಆಸ್ತಿಯ ಬಹುಪಾಲನ್ನು ತನ್ನ ಕೌಂಟಿಯ ರಸ್ತೆಗಳಿಗೂ ಬಡವರಿಗೂ ಬಿಟ್ಟುಹೋದ. ಈ ಘಟನೆಯನ್ನು ನಾನು ಎತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಉದ್ಯಮಕ್ಕೆ ಎರಡು ವರ್ಷ ತುಂಬದ ಆ ದಿನಗಳಲ್ಲಿ ಒಡೆಯನೂ ಬಾವಿಯ ಬಾಯಲ್ಲಿಯೇ ನಿಂತಿರುತ್ತಿದ್ದ. ಕೆಲಸದವನಿಗೆ ಬಿದ್ದ ಬೆಂಕಿ ಅವನಿಗೂ ಬೀಳುತ್ತಿತ್ತು.

ನಲವತ್ತು ವರ್ಷಗಳಲ್ಲಿ ಆ ಚಿತ್ರ ಪೂರ್ತಿ ಬದಲಾಯಿತು. 1901ರ ಜನವರಿ 10ರಂದು ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್ ಗುಡ್ಡದಲ್ಲಿ ತೈಲ ಆಕಾಶಕ್ಕೆ ಚಿಮ್ಮಿ, ಒಂಬತ್ತು ದಿನ ಸುರಿಯಿತು. ಹಣ ಹೂಡಿದವರು ದೂರದ ಪಿಟ್ಸ್‌ಬರ್ಗ್‌ನಲ್ಲಿದ್ದರು. ಬಾವಿ ಕೊರೆದ ಹ್ಯಾಮಿಲ್ ಸಹೋದರರು ಅಡಿಗೆ ಎರಡು ಡಾಲರ್‌ನಂತೆ ಒಪ್ಪಿಕೊಂಡ ಗುತ್ತಿಗೆದಾರರು. ತಾಂತ್ರಿಕವಾಗಿ ಇದು ದೊಡ್ಡ ಜಿಗಿತ. ಕುಟ್ಟುವ ಬದಲು ತಿರುಗಿಸಿ ಕೊರೆಯುವ ವಿಧಾನ ಇಲ್ಲಿ ಗೆದ್ದಿತು. ಕೊಳವೆಯ ಮೂಲಕ ಕೆಸರುನೀರನ್ನು ಒತ್ತಿ ಕಳುಹಿಸಿದರೆ ಪುಡಿಯಾದ ಕಲ್ಲೂ ಮೇಲೆ ಬರುತ್ತದೆ, ಆ ಕೆಸರಿನ ಭಾರ ಕೆಳಗಿನ ಅನಿಲವನ್ನು ಅದುಮಿಯೂ ಹಿಡಿಯುತ್ತದೆ. ಇಂದಿಗೂ ಬಾವಿಯ ಮೊದಲ ಕಾವಲು ಈ ಕೆಸರೇ. ಎರಡನೆಯದು 1922ರಲ್ಲಿ ಟೆಕ್ಸಾಸ್‌ನ ಅಬರ್‌ಕ್ರಾಂಬಿ ಮತ್ತು ಕ್ಯಾಮರಾನ್ ರೂಪಿಸಿದ ಬ್ಲೋಔಟ್ ಪ್ರಿವೆಂಟರ್, ಬಾವಿಯ ಬಾಯಿಯನ್ನು ಕಚ್ಚಿ ಮುಚ್ಚುವ ಉಕ್ಕಿನ ದವಡೆಗಳು. ರಿಗ್‌ಗಳಲ್ಲಿ ಇದನ್ನು ಬಿಒಪಿ ಎನ್ನುತ್ತಾರೆ. ಈ ಹೆಸರು ನೆನಪಿರಲಿ, ಅಸ್ಸಾಮಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಸ್ಪಿಂಡಲ್‌ಟಾಪ್‌ನಲ್ಲಿ ಕಂಡ ವ್ಯವಹಾರದ ರೂಪ ಮಾತ್ರ ಅಷ್ಟು ಒಳ್ಳೆಯದಲ್ಲ. ಅಡಿಗೆ ಇಷ್ಟು ಎಂದು ಕೂಲಿ ಗೊತ್ತಾದಾಗ ನಿಂತು ಯೋಚಿಸುವ ಪ್ರತಿ ಗಂಟೆಯೂ ಗುತ್ತಿಗೆದಾರನ ಜೇಬಿನದು. ಆತ ಅವಸರಪಡುತ್ತಾನೆ, ಅವನ ಕೈಕೆಳಗಿನವರನ್ನೂ ಅವಸರಪಡಿಸುತ್ತಾನೆ.

ಇನ್ನು ನಮ್ಮ ಕಡೆಗೆ. ಬ್ರಿಟಿಷರ ಯಂತ್ರ ಬರುವ ಮೊದಲೇ ಬರ್ಮಾದ ಯೇನನ್‌ಜಾಂಗ್‌ನಲ್ಲಿ ತೈಲದ ಬಾವಿಗಳನ್ನು ಕೈಯಲ್ಲಿಯೇ ತೋಡುತ್ತಿದ್ದರು. ಇಪ್ಪತ್ತನಾಲ್ಕು ಮನೆತನಗಳಿಗೆ ಅದರ ವಂಶಪಾರಂಪರ್ಯ ಹಕ್ಕು. ಮುನ್ನೂರು ಅಡಿಯವರೆಗೂ ಇಳಿಯುತ್ತಿದ್ದ ಬಾವಿಗಳು ಅವು. ತೋಡುವವನ ಕಣ್ಣಿಗೆ ಮೊದಲೇ ಬಟ್ಟೆ ಕಟ್ಟುತ್ತಿದ್ದರು. ತಳ ಮುಟ್ಟಿ ಬಟ್ಟೆ ಬಿಚ್ಚಿದಾಗ ಕಣ್ಣು ಕತ್ತಲೆಗೆ ಹೊಂದಿಕೊಂಡಿರಬೇಕು, ಏಕೆಂದರೆ ವಿಷಾನಿಲದ ನಡುವೆ ಕೆಲಸ ಮಾಡಲು ಸಿಗುತ್ತಿದ್ದುದು ಕೆಲವೇ ನಿಮಿಷ. ಅದರಲ್ಲಿ ಒಂದು ಕ್ಷಣವೂ ಹಾಳಾಗುವಂತಿಲ್ಲ. ಮೇಲೆ ಹಗ್ಗ ಹಿಡಿದವರು ಅವನನ್ನು ಸಮಯಕ್ಕೆ ಸರಿಯಾಗಿ ಎಳೆದುಕೊಳ್ಳಬೇಕು. ಆಮೇಲೆ ಸಮುದ್ರದಲ್ಲಿ ಮುಳುಗುವವರು ಧರಿಸುವಂಥ ಶಿರಸ್ತ್ರಾಣ ಬಂದಿತು, ಉಸಿರಿಗೆ ಮೇಲಿನಿಂದ ಗಾಳಿ ಒತ್ತುತ್ತಿದ್ದರು.

ಅಸ್ಸಾಮಿನಲ್ಲಿ 1867ರ ಮಾರ್ಚ್‌ನಲ್ಲಿ ಮಾಕುಂ ಬಳಿ 118 ಅಡಿ ಆಳದಲ್ಲಿ ತೈಲ ಸಿಕ್ಕಿತು. ಅದು ವ್ಯಾಪಾರಕ್ಕೆ ಬರಲಿಲ್ಲ. ಕಲ್ಲಿದ್ದಲು ಮತ್ತು ಮರಕ್ಕಾಗಿ ರೈಲುಹಳಿ ಹಾಕುತ್ತಿದ್ದ ಅಸ್ಸಾಂ ರೈಲ್ವೇಸ್ ಆಂಡ್ ಟ್ರೇಡಿಂಗ್ ಕಂಪನಿ 1889ರಲ್ಲಿ ದಿಗ್ಬೋಯ್‌ನ ಕಾಡಿನಲ್ಲಿ ಕೊರೆಯತೊಡಗಿತು. 1890ರಲ್ಲಿ 662 ಅಡಿಗೆ ಮುಗಿದ ಆ ಬಾವಿಯೇ ದಿಗ್ಬೋಯ್‌ನ ಮೊದಲನೆಯದು. 1899ರಲ್ಲಿ ಅಸ್ಸಾಂ ಆಯಿಲ್ ಕಂಪನಿ, 1901ರಲ್ಲಿ ದಿಗ್ಬೋಯ್ ಸಂಸ್ಕರಣಾಗಾರ, 1921ರಲ್ಲಿ ಬರ್ಮಾ ಆಯಿಲ್ ಕಂಪನಿಯ ಹಿಡಿತ. ಇಷ್ಟು ಎಲ್ಲ ಪುಸ್ತಕಗಳಲ್ಲಿಯೂ ಸಿಗುತ್ತದೆ. ಮಲೇರಿಯಾ ತುಂಬಿದ ಮಳೆಕಾಡನ್ನು ಕಡಿದು, ಬಾಯ್ಲರ್‌ಗಳನ್ನು ಆನೆಗಳ ಸಹಾಯದಿಂದ ಎಳೆಸಿದವರು ಯಾರೆಂಬ ಪುಟ ಮಾತ್ರ ಖಾಲಿ.

ಆ ಪುಟಕ್ಕೆ ಮೊದಲ ಬಾರಿ ಅಕ್ಷರ ಬಿದ್ದದ್ದು 1939ರಲ್ಲಿ. ಹಿಂದಿನ ವರ್ಷ ಹುಟ್ಟಿದ್ದ ಕಾರ್ಮಿಕ ಸಂಘ ಏಪ್ರಿಲ್ 3ರಂದು ಮುಷ್ಕರ ಹೂಡಿತು. ಸುಮಾರು ಹತ್ತು ಸಾವಿರ ಜನ ಕೆಲಸ ಬಿಟ್ಟು ಹೊರಬಂದರು. ಏಪ್ರಿಲ್ 18ರಂದು ಗುಂಡು ಹಾರಿತು, ಮೂವರು ಕಾರ್ಮಿಕರು ಸತ್ತರು. ಗೋಪಿನಾಥ ಬರ್ದಲೈ ಅವರ ಪ್ರಾಂತೀಯ ಸರ್ಕಾರ ಮಧ್ಯಸ್ಥಿಕೆಗೆ ಯತ್ನಿಸಿತು, ಕಾಂಗ್ರೆಸ್ ಅಧ್ಯಕ್ಷರಾಗಿದ್ದ ರಾಜೇಂದ್ರ ಪ್ರಸಾದರೂ ಮಾತಾಡಿದರು. ಕಂಪನಿ ಬಗ್ಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದೊಡನೆ ತೈಲ ಯುದ್ಧಸಾಮಗ್ರಿಯಾಯಿತು, ಭಾರತ ರಕ್ಷಣಾ ನಿಯಮಗಳ ಬಲದಿಂದ ಮುಷ್ಕರವನ್ನು ಮುರಿದರು.

ಸೋತ ಮುಷ್ಕರವನ್ನು ಇಷ್ಟು ಹೇಳುವುದೇಕೆ? ಆ ಹತ್ತು ಸಾವಿರ ಜನಕ್ಕೆ ತಮ್ಮ ಎದುರಾಳಿ ಯಾರೆಂದು ಗೊತ್ತಿತ್ತು. ಒಂದೇ ಕಂಪನಿ, ಒಂದೇ ಕಚೇರಿ, ಬಾಗಿಲು ಒಂದೇ. ಬಾಕು ನಗರದ ತೈಲ ಕಾರ್ಮಿಕರು 1904ರ ಡಿಸೆಂಬರ್‌ನಲ್ಲಿ ಮುಷ್ಕರ ಹೂಡಿ, ರಷ್ಯಾ ಸಾಮ್ರಾಜ್ಯದ ಮೊದಲ ಸಾಮೂಹಿಕ ಕೆಲಸದ ಒಪ್ಪಂದವನ್ನು ಪಡೆದದ್ದೂ ಒಡೆಯರು ಎದುರಿಗೆ ಸಿಕ್ಕಿದ್ದರಿಂದ. ಇರಾನಿನ ಅಬಾದಾನ್ ಸಂಸ್ಕರಣಾಗಾರಕ್ಕೆ ನಮ್ಮ ದೇಶದಿಂದ ಕರೆದೊಯ್ದಿದ್ದ ಕೆಲಸಗಾರರು 1920ರಲ್ಲಿ ಮುಷ್ಕರ ಮಾಡಿ ಕೂಲಿ ಹೆಚ್ಚಿಸಿಕೊಂಡರು. 1922ರಲ್ಲಿ ಮತ್ತೆ ಮಾಡಿದಾಗ ಅವರನ್ನು ಹಡಗು ಹತ್ತಿಸಿ ವಾಪಸು ಕಳುಹಿಸಲಾಯಿತು. ಗೆದ್ದರೂ ಸೋತರೂ, ಯಾರನ್ನು ಕೇಳಬೇಕು ಎಂಬ ಗೊಂದಲ ಇವರಲ್ಲಿ ಯಾರಿಗೂ ಇರಲಿಲ್ಲ.

ಸ್ವಾತಂತ್ರ್ಯದ ನಂತರ ಅಂತರ ಕಿರಿದಾದ ದಶಕಗಳು ಬಂದವು. 1956ರಲ್ಲಿ ಒಎನ್‌ಜಿಸಿ, 1959ರಲ್ಲಿ ಆಯಿಲ್ ಇಂಡಿಯಾ. 1974ರಲ್ಲಿ ಸಾಗರ್ ಸಮ್ರಾಟ್ ಮುಂಬೈ ಕಡಲಾಚೆಯ ಬಾಂಬೆ ಹೈನಲ್ಲಿ ತೈಲ ಕಂಡಾಗ ಆ ರಿಗ್ ಒಎನ್‌ಜಿಸಿಯ ಸ್ವಂತದ್ದು. ಆ ತಲೆಮಾರಿನ ಕೊರೆತಗಾರರಿಗೆ ಸರ್ಕಾರಿ ನೌಕರಿ, ತರಬೇತಿ, ಪಿಂಚಣಿ, ಸಂಘ ಇದ್ದವು. ಎಲ್ಲವೂ ಸರಿಯಾಗಿತ್ತು ಎನ್ನಲಾರೆ, 1995ರ ಜನವರಿಯಲ್ಲಿ ಆಂಧ್ರದ ಪಾಸರ್ಲಪೂಡಿಯಲ್ಲಿ ಹೊತ್ತಿದ ಬಾವಿ 65 ದಿನ ಉರಿಯಿತು. ಆದರೆ ಕೇಳುವವನಿಗೆ ವಿಳಾಸ ಗೊತ್ತಿತ್ತು. ಆಮೇಲೆ ರಿಗ್‌ಗಳನ್ನು ದಿನಬಾಡಿಗೆಗೆ ತರುವುದು ರೂಢಿಯಾಯಿತು.

ಅದರ ಪರಿಣಾಮವನ್ನು ನೋಡಬೇಕಾದ್ದು ಬಾಗ್ಜನ್‌ನಲ್ಲಿ. ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆ, ಒಂದು ಬದಿಗೆ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನ, ಇನ್ನೊಂದು ಬದಿಗೆ ಮಾಗುರಿ-ಮೋಟಾಪುಂಗ್ ಜೌಗು. 2020ರ ಮೇ 27ರಂದು ಆಯಿಲ್ ಇಂಡಿಯಾದ ಐದನೇ ಸಂಖ್ಯೆಯ ಬಾವಿಯಿಂದ ಅನಿಲ ಚಿಮ್ಮಿತು. ದುರಸ್ತಿ ಕೆಲಸ ನಡೆಯುತ್ತಿದ್ದ ಆ ರಿಗ್ ಖಾಸಗಿ ಕಂಪನಿಯದು. ಜೂನ್ 9ರಂದು ಬೆಂಕಿ ಹೊತ್ತಿತು. ಅಗ್ನಿಶಾಮಕ ದಳದ ಇಬ್ಬರು ಸತ್ತರು, ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಬಾವಿಯನ್ನು ಪೂರ್ತಿ ಹತೋಟಿಗೆ ತಂದದ್ದು ನವೆಂಬರ್ ಮಧ್ಯದಲ್ಲಿ.

ನ್ಯಾಯಮೂರ್ತಿ ಕಟಕಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೇಮಿಸಿದ ಸಮಿತಿಯ ಪ್ರಾಥಮಿಕ ವರದಿ ಬೆರಳಿಟ್ಟು ತೋರಿಸಿದ್ದು ಒಂದು ಕ್ಷಣವನ್ನು. ಇನ್ನೊಂದು ಕಾವಲು ಗಟ್ಟಿಯಾಗಿದೆಯೆಂದು ಪರೀಕ್ಷಿಸಿ ಖಚಿತಪಡಿಸಿಕೊಳ್ಳದೆಯೇ ಬಿಒಪಿಯನ್ನು ಬಿಚ್ಚಲಾಗಿತ್ತು. ಯೋಜನೆ ಒಂದು, ಸ್ಥಳದಲ್ಲಿ ನಡೆದದ್ದು ಇನ್ನೊಂದು ಎಂದೂ ಸಮಿತಿ ಹೇಳಿತು. ಬಾವಿಯೊಳಗೆ ಸಿಮೆಂಟಿನ ಬೆಣೆ ಹಾಕಿದರೆ ಅದು ಗಟ್ಟಿಯಾಗುವವರೆಗೆ ಕಾಯಬೇಕು. ಆ ಗಂಟೆಗಳಲ್ಲಿ ರಿಗ್ ಸುಮ್ಮನೆ ನಿಂತಿರುತ್ತದೆ, ಬಾಡಿಗೆ ಓಡುತ್ತಿರುತ್ತದೆ. ಬಾಗ್ಜನ್‌ನಲ್ಲಿ ಅವಸರಕ್ಕೆ ಬಾಡಿಗೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕಾಯುವುದಕ್ಕೆ ಬೆಲೆ ಕಟ್ಟುವ ವ್ಯವಸ್ಥೆಯಲ್ಲಿ, ಕಾಯೋಣ ಎನ್ನುವ ಧೈರ್ಯ ಯಾರಿಗಿರುತ್ತದೆ ಎಂದು ಕೇಳುತ್ತಿದ್ದೇನೆ. ಬಾವಿಯ ಕಂಪನಿಯ ಅಧಿಕಾರಿ ಆದೇಶ ಕೊಟ್ಟಾಗ, ಬೇರೆ ಕಂಪನಿಯ ಸಂಬಳದ, ನಾಳೆ ಕೆಲಸ ಹೋದರೆ ಕೇಳುವವರಿಲ್ಲದ ರಿಗ್ ಕೆಲಸಗಾರ ಬೇಡ ಸರ್, ಇನ್ನೂ ಗಟ್ಟಿಯಾಗಿಲ್ಲ ಎಂದು ಹೇಳಬಲ್ಲನೇ? ಕೈಯನ್ನು ಹಗ್ಗದ ಮೇಲಿಟ್ಟು ಬಾವಿಯ ಮನಸ್ಸನ್ನು ಅರಿಯುತ್ತಿದ್ದ ಆ ಹಳೆಯ ಕೊರೆತಗಾರನ ಮಾತಿಗೆ ಗೋಪುರದಡಿ ತೂಕವಿತ್ತು. ಇಂದಿನವನಿಗೆ ಉಪಕರಣಗಳಿವೆ, ಮಾತಿನ ತೂಕ ಇಳಿದಿದೆ.

ಮರುವರ್ಷ, 2021ರ ಮೇ 17ರಂದು, ತೌಕ್ತೆ ಚಂಡಮಾರುತದಲ್ಲಿ ಮುಂಬೈ ಕಡಲಾಚೆ ಪಿ-305 ಎಂಬ ವಸತಿ ದೋಣಿ ಮುಳುಗಿತು. ಅದರಲ್ಲಿದ್ದವರು 261 ಜನ, ಬದುಕಿ ಬಂದವರು 186. ಒಎನ್‌ಜಿಸಿಯ ಕೆಲಸಕ್ಕೆ ಹೋದವರೇ ಅವರೆಲ್ಲ. ಆದರೆ ಒಎನ್‌ಜಿಸಿ ಕೆಲಸವನ್ನು ಒಂದು ನಿರ್ಮಾಣ ಕಂಪನಿಗೆ ವಹಿಸಿತ್ತು, ಅದು ಇನ್ನೊಂದು ಕಂಪನಿಯ ದೋಣಿಯನ್ನು ಬಾಡಿಗೆಗೆ ಪಡೆದಿತ್ತು. ಹವಾಮಾನ ಇಲಾಖೆಯ ಎಚ್ಚರಿಕೆ ಮೊದಲೇ ಬಂದಿತ್ತು. ದಡಕ್ಕೆ ಮರಳುವ ತೀರ್ಮಾನ ಯಾರದಾಗಿತ್ತು ಎಂಬ ವಾದ, ಶವಗಳನ್ನು ಗುರುತಿಸುವ ಕೆಲಸ ಮುಗಿಯುವ ಮುನ್ನವೇ ಶುರುವಾಯಿತು.

ಈಗ ಆ ಎರಡು ಕಾನೂನುಗಳಿಗೆ ಬರೋಣ. ತೈಲಕ್ಷೇತ್ರ ಕಾಯ್ದೆಯಲ್ಲಿ ಮೊದಲು ನಿಯಮ ಮುರಿದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿ ದಂಡ ಎಂದಿತ್ತು. ತಿದ್ದುಪಡಿಯ ಪ್ರಕಾರ ದಂಡ 25 ಲಕ್ಷ ರೂಪಾಯಿಯವರೆಗೆ, ತಪ್ಪು ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೆ. ಸಾವಿರ ರೂಪಾಯಿ ಎಂಬುದು ಅಪಹಾಸ್ಯದ ಮೊತ್ತವಾಗಿತ್ತು, ಅದು ಹೋದದ್ದು ಒಳ್ಳೆಯದೇ. ಆದರೆ ಈ ಕಾಯ್ದೆಯ ಗಮನ ಹೂಡಿಕೆದಾರರ ಮೇಲೆ. ಗುತ್ತಿಗೆ ಭೂಮಿ ಎಷ್ಟು ಕಾಲ, ಯಾವ ಷರತ್ತಿಗೆ, ವ್ಯಾಜ್ಯ ಹೇಗೆ ತೀರಬೇಕು ಎಂಬುದೇ ಅದರ ಚಿಂತೆ. ರಿಗ್ ಮೇಲೆ ನಿಂತವನ ಹೆಸರು ಅದರಲ್ಲಿಲ್ಲ.

ಅವನ ಹೆಸರು ಇರಬೇಕಾದ್ದು ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ. ಅಲ್ಲಿ ಒಳ್ಳೆಯ ಅಂಶಗಳಿವೆ. ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು, ಇದು ಸಣ್ಣ ಮಾತಲ್ಲ. ಅಪಘಾತವಾದ ಮೇಲೆ ಈತ ನಮ್ಮವನೇ ಅಲ್ಲ ಎಂದು ಕೈ ತೊಳೆದುಕೊಳ್ಳುವುದು ಕಷ್ಟವಾಗುತ್ತದೆ. ಮುಖ್ಯ ಕೆಲಸಗಳಿಗೆ ಗುತ್ತಿಗೆ ಕಾರ್ಮಿಕರನ್ನು ಬಳಸುವಂತಿಲ್ಲ ಎಂದೂ ಸಂಹಿತೆ ಹೇಳುತ್ತದೆ. ಅದೇ ಸೆಕ್ಷನ್‌ನಲ್ಲಿ ವಿನಾಯಿತಿಯೂ ಇದೆ: ಆ ಕೆಲಸವನ್ನು ಸಾಮಾನ್ಯವಾಗಿ ಗುತ್ತಿಗೆದಾರರ ಮೂಲಕವೇ ಮಾಡಿಸುವ ರೂಢಿಯಿದ್ದರೆ ನಿಷೇಧ ಅನ್ವಯಿಸುವುದಿಲ್ಲ. ತೈಲ ಕಂಪನಿಗೆ ಬಾವಿ ಕೊರೆಯುವುದಕ್ಕಿಂತ ಮುಖ್ಯ ಕೆಲಸ ಯಾವುದಿದೆ? ಆದರೆ ಅದನ್ನು ಗುತ್ತಿಗೆಗೆ ಕೊಡುವುದೇ ಈಗ ರೂಢಿ. ತಪ್ಪು ಹಳೆಯದಾದಷ್ಟೂ ಅದಕ್ಕೆ ರಕ್ಷಣೆ ಹೆಚ್ಚು ಎಂದಂತಾಯಿತು. ಜೊತೆಗೆ, 1970ರ ಹಳೆಯ ಕಾಯ್ದೆ ಇಪ್ಪತ್ತು ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿತ್ತು, ಈಗ ಐವತ್ತು ಬೇಕು. ರಿಗ್‌ನಲ್ಲಿ ಸಿಮೆಂಟ್ ಹಾಕುವ ತಂಡ, ಕೆಸರು ನೋಡಿಕೊಳ್ಳುವ ತಂಡ, ಕ್ರೇನ್ ತಂಡ, ಅಡುಗೆಯವರು, ಹೀಗೆ ಬೇರೆ ಬೇರೆ ಕಂಪನಿಗಳ ಸಣ್ಣ ಸಣ್ಣ ಗುಂಪುಗಳು ಒಂದೇ ಗೋಪುರದ ಕೆಳಗೆ ಸೇರಿರುತ್ತವೆ. ಇಂಥ ಸಣ್ಣ ಗುತ್ತಿಗೆದಾರರನ್ನೇ ಈ ಸಂಖ್ಯೆ ಹೊರಗೆ ಬಿಡುತ್ತದೆ.

ಗುತ್ತಿಗೆಯನ್ನೇ ನಿಲ್ಲಿಸಿ ಎಂಬುದು ಈಗ ಸಾಧ್ಯವಾಗದ ಬೇಡಿಕೆ. ಆಳಸಮುದ್ರದ ರಿಗ್ ಅನ್ನು ಯಾವ ಕಂಪನಿಯೂ ಒಂದೆರಡು ಬಾವಿಗಾಗಿ ಕೊಳ್ಳುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ನಾನು ಕೇಳುವುದು ಮೂರು ಸಂಗತಿ. ಬಾವಿಯ ಪರವಾನಗಿ ಪಡೆದ ಕಂಪನಿಯೇ, ಎಷ್ಟು ಕೈ ಬದಲಾಗಿದ್ದರೂ, ಆ ಸ್ಥಳದ ಪ್ರತಿ ಕೆಲಸಗಾರನಿಗೆ ಸುರಕ್ಷತೆಯ ಮಟ್ಟಿಗೆ ಒಡೆಯನೆಂದು ಕಾನೂನು ಸ್ಪಷ್ಟವಾಗಿ ಹೇಳಬೇಕು. ಕೆಲಸ ನಿಲ್ಲಿಸಿ ಎಂದು ಹೇಳುವ ಹಕ್ಕು ರಿಗ್‌ನ ಕಟ್ಟಕಡೆಯ ಕೂಲಿಯವನಿಗೂ ಇರಬೇಕು, ಹಾಗೆ ನಿಂತ ಸಮಯದ ಬಾಡಿಗೆಯನ್ನು ಗುತ್ತಿಗೆದಾರನ ಬಿಲ್ಲಿನಿಂದ ಕಡಿಯುವಂತಿರಬಾರದು. ಬಾವಿಯ ಒಡೆಯರು ಪ್ರಕಟಿಸುವ ಅಪಘಾತದ ಲೆಕ್ಕದಲ್ಲಿ ಕಾಯಂ ನೌಕರನೂ ಗುತ್ತಿಗೆಯವನೂ ಒಂದೇ ಪಟ್ಟಿಯಲ್ಲಿ ಬರಬೇಕು.

ಇವುಗಳಿಗೆ ಹೊಸ ತಂತ್ರಜ್ಞಾನ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಸಮಯವಂತೂ ಈಗಲೇ. 2025ರ ಆಗಸ್ಟ್ 15ರಂದು ಪ್ರಧಾನಿ ಆಳಸಮುದ್ರದ ತೈಲ ಶೋಧಕ್ಕೆ ರಾಷ್ಟ್ರೀಯ ಅಭಿಯಾನ ಘೋಷಿಸಿದರು. ಸೆಪ್ಟೆಂಬರ್‌ನಲ್ಲಿ ಅಂಡಮಾನ್ ಬಳಿ ಶ್ರೀ ವಿಜಯಪುರಂ-2 ಬಾವಿಯಲ್ಲಿ ಅನಿಲ ಸಿಕ್ಕಿದ ಸುದ್ದಿ ಬಂದಿತು. 295 ಮೀಟರ್ ನೀರು, ಅದರಡಿ 2,650 ಮೀಟರ್ ಆಳದವರೆಗಿನ ಕೊರೆತ. ಕಚ್ಚಾತೈಲದಲ್ಲಿ ಶೇಕಡ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶ, ಸಿಕ್ಕಲ್ಲೆಲ್ಲ ಕೊರೆಯಲು ಹೊರಟಿರುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ರಾಜ್ಯದಲ್ಲಿ ತೈಲಬಾವಿ ಇಲ್ಲದಿದ್ದರೂ ಮಂಗಳೂರಿನ ಸಂಸ್ಕರಣಾಗಾರಕ್ಕೂ, ಉಡುಪಿ ಜಿಲ್ಲೆಯ ಪಾದೂರಿನ ಬಂಡೆಯೊಳಗಿನ ಸಂಗ್ರಹಾಗಾರಕ್ಕೂ ತೈಲ ಎಲ್ಲಿಂದಲೋ ಬರಲೇಬೇಕು. ಮುಂದಿನ ಬಾವಿಗಳ ಹರಾಜಿನ ದಾಖಲೆಗಳಲ್ಲಿ ರಾಯಧನದ ಪ್ರಮಾಣ, ಲಾಭದ ಪಾಲು, ಕೊರೆಯಬೇಕಾದ ಬಾವಿಗಳ ಸಂಖ್ಯೆ ಎಲ್ಲಕ್ಕೂ ಒಂದೊಂದು ಷರತ್ತು ಇರುತ್ತದೆ. ರಿಗ್ ಮೇಲಿನ ಮನುಷ್ಯನ ಒಡೆಯ ಯಾರು ಎಂಬ ಷರತ್ತನ್ನೂ ಅಲ್ಲಿಯೇ, ಮೊದಲ ಅಡಿ ಕೊರೆಯುವ ಮುನ್ನವೇ ಬರೆದಿಡಬೇಕು.